ಸ್ವಿಫ್ಟ್, ಫಿಗೊ: ಯಾವ ಡೀಸೆಲ್ ಕಾರು ಚುರುಕು?

ಪ್ರಶ್ನೆ: ಮಾರುತಿಯ ಡೀಸೆಲ್ ಸ್ವಿಫ್ಟ್ ಮತ್ತು ಫೋರ್ಡ್‌ನ 2015ರ ನಂತರದ ಡೀಸೆಲ್ ಫಿಗೊ, ಇವೆರಡರಲ್ಲಿ ಬೇಗ ವೇಗ ಪಡೆಯುವುದು ಯಾವುದು?

ಉತ್ತರ: ಅನುಮಾನವೇ ಬೇಡ, ಫಿಗೊ. ಅದರ 1.5 ಲೀಟರ್ ಎಂಜಿನ್ನಿನ ಶಕ್ತಿ ಸುಮಾರು 100 ಪಿಎಸ್, ಟಾರ್ಕ್ 215 ಎನ್‌ಎಂ. ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ನಿನದು ಸುಮಾರು 75 ಪಿಎಸ್, 190 ಎನ್‌ಎಂ. ತೂಕದಲ್ಲಿ ದೊಡ್ಡ ಅಂತರವಿಲ್ಲದ್ದರಿಂದ ಹೆಚ್ಚಿನ ಶಕ್ತಿಯ ಲಾಭವೆಲ್ಲ ಫಿಗೊಗೇ. ಸ್ವಿಫ್ಟ್‌ನ ಟರ್ಬೊ ಕಸುವು ತೋರುವುದು 2000 ಆರ್‌ಪಿಎಂ ಹತ್ತಿರ. ಅದಕ್ಕಿಂತ ಕೆಳಗೆ ಎಳೆತ ಮಂದ. ಘಾಟಿಯಲ್ಲಿ ಲಾರಿಯನ್ನು ಹಿಂದಿಕ್ಕಬೇಕಾದರೆ ಗೇರ್ ಇಳಿಸಲೇಬೇಕು. ಫಿಗೊದಲ್ಲಿ 1750ಕ್ಕೇ ಪೂರ್ಣ ಟಾರ್ಕ್ ಸಿಗುತ್ತದೆ.

ಮಾರುತಿ 2020ರಲ್ಲಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಘೋಷಿಸಿತು. ಹೀಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ ವೇಗಕ್ಕಿಂತ ಬಿಡಿಭಾಗಗಳ ಲಭ್ಯತೆ ವಿಚಾರಿಸಿ.