ಗುಂಡಿ ಒತ್ತಿದವರು ಹಲವರು, ರಿಡಿಮ್ ಕಟ್ಟಿದವರು ಕೆಲವರು

ಜಮೈಕಾದ ಕಿಂಗ್‌ಸ್ಟನ್ ನಗರದ ವಾಟರ್‌ಹೌಸ್ ಬಡಾವಣೆಯಿಂದ 1985ರಲ್ಲಿ ಹೊರಬಂದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹಾಡನ್ನು ಮಾಡಿದ್ದು ಮನುಷ್ಯರಲ್ಲ, ಆಟಿಕೆಯಂಥ ಒಂದು ಕೀಬೋರ್ಡ್ ಎಂಬ ಮಾತುಂಟು. ಪೂರ್ತಿ ಸುಳ್ಳೇನಲ್ಲ. ಗಾಯಕ ವೇಯ್ನ್ ಸ್ಮಿತ್ ಮತ್ತು ಗೆಳೆಯ ನೋಯಲ್ ಡೇವಿ ಬಳಸಿದ ಕ್ಯಾಸಿಯೊ ಎಂಟಿ-40ಯಲ್ಲಿ ‘ರಾಕ್’ ಎಂಬ ಸಿದ್ಧ ತಾಳವಿತ್ತು. ಡ್ರಮ್ಮಿನ ಪೆಟ್ಟಿನ ಜೊತೆಗೆ ಬೇಸ್ ಸಾಲೂ ಅದರಲ್ಲೇ ಇತ್ತು. ಗುಂಡಿ ಒತ್ತಿದರಾಯಿತು, ನಿಲ್ಲಿಸುವ ತನಕ ಸುತ್ತುತ್ತಲೇ ಇರುತ್ತದೆ. ಆದರೆ 1981ರಿಂದಲೇ ಮಾರಾಟದಲ್ಲಿದ್ದ ಈ ಕೀಬೋರ್ಡು ಎಷ್ಟೋ ಮನೆಗಳಲ್ಲಿತ್ತು, ಅದೇ ಗುಂಡಿಯನ್ನು ಎಷ್ಟೋ ಬೆರಳುಗಳು ಒತ್ತಿದ್ದವು. ಅಲ್ಲೆಲ್ಲೂ ರಿಡಿಮ್, ಅಂದರೆ ಹಲವು ಗಾಯಕರು ತಮ್ಮ ತಮ್ಮ ಹಾಡು ಕೂರಿಸಬಹುದಾದ ಬೇಸ್-ಡ್ರಮ್ಮಿನ ಹಂದರ, ಹುಟ್ಟಲಿಲ್ಲ.

ಹುಟ್ಟಿಸಿದ್ದು ಮುಖ್ಯವಾಗಿ ವೇಗದ ಬಗೆಗಿನ ಒಂದು ತೀರ್ಮಾನ. ಆಗಿನ್ನೂ ‘ಪ್ರಿನ್ಸ್’ ಆಗಿದ್ದು ಮುಂದೆ ‘ಕಿಂಗ್’ ಎನಿಸಿಕೊಂಡ ನಿರ್ಮಾಪಕ ಜ್ಯಾಮಿ, ಓಡುತ್ತಿದ್ದ ಆ ರಾಕ್ ತಾಳವನ್ನು ನಿಧಾನಗೊಳಿಸಿ, ಮೇಲೆ ಪಿಯಾನೊ ಮತ್ತು ಚಪ್ಪಾಳೆಯ ಸದ್ದು ಸೇರಿಸಿದ. ಇದೇನು ಮಹಾ ಕೆಲಸ ಅನ್ನಿಸಬಹುದು. ಟೇಪಿನಲ್ಲಿ ಇದನ್ನೇ ಮಾಡಿ ನೋಡಿ. ಟೇಪು ಮುಕ್ಕಾಲು ವೇಗದಲ್ಲಿ ತಿರುಗಿದರೆ ಕಂಪನಗಳ ಸಂಖ್ಯೆಯೂ ಮುಕ್ಕಾಲಿಗೆ ಇಳಿದು, ಷಡ್ಜ ಮಂದ್ರ ಪಂಚಮಕ್ಕೆ ಜಾರುತ್ತದೆ. ಡ್ರಮ್ಮಿನ ಪೆಟ್ಟೂ ಎಳೆದಾಡುತ್ತದೆ. ಎಂಟಿ-40ಯಲ್ಲಿರುವುದು ಮುದ್ರಿಸಿಟ್ಟ ಸದ್ದಲ್ಲ, ಇಂಥ ಮಾತ್ರೆಗೆ ಇಂಥ ಸ್ವರ ಎಂಬ ಸೂಚನೆಗಳು ಮಾತ್ರ. ಸೂಚನೆಗಳನ್ನು ಒಂದೊಂದಾಗಿ ಓದಿಸುವ ಗಡಿಯಾರದ ವೇಗ ಒಂದು, ಸ್ವರದ ಕಂಪನ ಇನ್ನೊಂದು. ಮೊದಲನೆಯದನ್ನು ತಗ್ಗಿಸಿದರೆ ಎರಡನೆಯದು ಕದಲುವುದಿಲ್ಲ. ಹಾಗಾಗಿ ಪೆಟ್ಟು ಚುರುಕಾಗಿಯೇ ಉಳಿದು, ಪೆಟ್ಟುಗಳ ನಡುವಿನ ಬಿಡುವು ಮಾತ್ರ ಹಿಗ್ಗಿತು. ಡಾನ್ಸ್‌ಹಾಲ್ ಗಾಯಕನಿಗೆ ಮಾತು ತುಂಬಲು ಬೇಕಿದ್ದದ್ದು ಆ ಬಿಡುವೇ. ಅದೇ ಹಂದರದ ಮೇಲೆ ಟೆನರ್ ಸಾ ‘ಪಂಪ್ಕಿನ್ ಬೆಲ್ಲಿ’ ಹಾಡಿದ್ದು ಕೇಳಿದರೆ ಎಷ್ಟು ಜಾಗವಿತ್ತೆಂದು ಗೊತ್ತಾಗುತ್ತದೆ.

ಹಾಗಾದರೆ ಆ ಬೇಸ್ ಸಾಲು ಯಾರದು? ಜಪಾನಿನ ಹಿರೊಕೊ ಒಕುಡಾ ಅವರದು. 1980ರಲ್ಲಿ ಕ್ಯಾಸಿಯೊ ಸೇರಿದ ಆಕೆ ಸಂಗೀತ ಕಾಲೇಜಿನಲ್ಲಿ ರೆಗ್ಗೆಯನ್ನೇ ಅಧ್ಯಯನ ಮಾಡಿದ್ದವರು. ಗೌರವ ಅವರಿಗೂ ಸಲ್ಲಬೇಕು. ಅದರಿಂದ ವಾಟರ್‌ಹೌಸಿನ ಪಾಲೇನೂ ಕಡಿಮೆಯಾಗುವುದಿಲ್ಲ, ಯಂತ್ರದ ಪಾಲು ಮಾತ್ರ ಇನ್ನಷ್ಟು ಕುಗ್ಗುತ್ತದೆ. ಜಮೈಕಾದಲ್ಲಿ ಡ್ರಮ್ ಯಂತ್ರಗಳು ಮೊದಲೇ ಇರಲಿಲ್ಲವೇ ಎಂದರೆ, ಇದ್ದವು. ಆದರೆ ರೆಗ್ಗೆಯ ಬೆನ್ನೆಲುಬಾದ ಬೇಸ್ ಸಾಮಾನ್ಯವಾಗಿ ಕೈಯಿಂದಲೇ ನುಡಿಯುತ್ತಿತ್ತು. ಇಲ್ಲಿ ಅದೂ ಇಲ್ಲದೆ ನೆಲ ಅದುರಿತು. ವಾದ್ಯಗಾರರ ಹೊಟ್ಟೆಪಾಡಿಗೆ ಪೆಟ್ಟು ಬಿತ್ತೆಂಬ ದೂರು ಮಾತ್ರ ನಿಜ, ಅದನ್ನು ತಳ್ಳಿಹಾಕಲಾಗದು. ಆದರೂ ಜ್ಯಾಮಿಯ ಸ್ಟುಡಿಯೊದಲ್ಲಿ ಮುಂದಿನ ಡಿಜಿಟಲ್ ರಿಡಿಮ್‌ಗಳನ್ನು ಕಟ್ಟಿಕೊಟ್ಟ ಸ್ಟೀಲಿ ಮತ್ತು ಕ್ಲೀವಿ ಇಬ್ಬರೂ ನುರಿತ ವಾದ್ಯಗಾರರೇ; ಡ್ರಮ್ಮಿನ ಕೋಲು ಹಿಡಿದು ಪಳಗಿದ ಕ್ಲೀವಿ, ಡ್ರಮ್ ಯಂತ್ರವನ್ನೂ ಪಳಗಿಸಿಕೊಂಡ.