ಪಾದದ ಅಡ್ಡ ಕಮಾನು

ಸೇನಾ ಭರ್ತಿಗೆ ಹೋಗಿ ಬಂದ ಹುಡುಗರಿಗೆ ಅಂಗಾಲಿನ ಪರೀಕ್ಷೆ ಗೊತ್ತು. ಒಳಬದಿಯ ಕಮಾನು ನೆಲಕ್ಕೆ ಅಂಟಿಕೊಂಡಿದ್ದರೆ ‘ಫ್ಲಾಟ್ ಫುಟ್’ ಎಂದು ಮನೆಗೆ ಕಳಿಸಬಹುದು. ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗೆ ಚಾಚಿದ ಈ ಉದ್ದ ಕಮಾನಿಗೇ ವಿಜ್ಞಾನಿಗಳೂ ಬಹುಕಾಲ ಹೆಚ್ಚು ಗಮನ ಕೊಟ್ಟರು. ಪಾದದ ನಡುವೆ ಅಡ್ಡಲಾಗಿರುವ ಇನ್ನೊಂದು ಕಮಾನನ್ನು ಕೇಳಿದವರು ಕಡಿಮೆ.

ಚಪ್ಪಲಿಯ ಪಟ್ಟಿ ಕೂರುವ ಜಾಗ ಮುಟ್ಟಿ ನೋಡಿ. ಅಲ್ಲಿನ ಉಬ್ಬಿನಡಿ ಐದು ಗಿಡ್ಡ ಮೂಳೆಗಳಿವೆ: ಒಳಬದಿಗೆ ನೆವಿಕ್ಯುಲರ್, ಅದರ ಮುಂದೆ ಮೂರು ಕ್ಯೂನಿಫಾರ್ಮ್, ಹೊರಬದಿಗೆ ಕ್ಯೂಬಾಯ್ಡ್. ಇವುಗಳಿಂದ ಮುಂದಕ್ಕೆ ಬೆರಳಿಗೊಂದರಂತೆ ಐದು ಮೆಟಾಟಾರ್ಸಲ್‌ಗಳು ಹೊರಡುತ್ತವೆ. ಕ್ಯೂನಿಫಾರ್ಮ್‌ಗಳಲ್ಲಿ ಎರಡು ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ಒತ್ತೊತ್ತಾಗಿ ಕೂತ ಸಾಲು ಬಾಗಲೇಬೇಕು.

ಹೊಸ ನೋಟಿನ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಜೋಲುತ್ತದೆ. ಹಿಡಿದಲ್ಲೇ ಅಡ್ಡಕ್ಕೆ ತುಸು ಬಾಗಿಸಿದರೆ ನೆಟ್ಟಗೆ ನಿಲ್ಲುತ್ತದೆ. ಪಾದದ ಗಡಸುತನಕ್ಕೂ ಇದೇ ಕಾರಣ ಎಂದು ಮಧುಸೂದನ್ ವೆಂಕಟೇಶನ್, ಶ್ರೇಯಸ್ ಮಂದ್ರೆ, ಮಹೇಶ್ ಬಂಡಿ ಮತ್ತು ಸಂಗಡಿಗರು 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ವೆಂಕಟೇಶನ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಸೇರುವ ಮೊದಲು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಇದ್ದವರು. ಮೃತದೇಹಗಳ ಪಾದದಲ್ಲಿ ಮೆಟಾಟಾರ್ಸಲ್‌ಗಳನ್ನು ಅಡ್ಡಕ್ಕೆ ಬಿಗಿದಿಡುವ ಅಂಗಾಂಶ ಕತ್ತರಿಸಿ ನೋಡಿದರೆ ಗಡಸುತನ ಶೇ 40ಕ್ಕೂ ಹೆಚ್ಚು ಕುಸಿದಿತ್ತು. ಶಾಲೆಯ ಬೆಂಚಿನ ಮೇಲೂ ಮಾಡಬಹುದಾದ ನೋಟಿನ ಪ್ರಯೋಗ ಪಾದದ ವಿಷಯದಲ್ಲಿ ಇಷ್ಟು ತಡವಾಗಿ ಹೊಳೆದದ್ದು ಸೋಜಿಗ.

ಚಿಂಪಾಂಜಿಯ ಪಾದ ಇಷ್ಟು ಗಡಸಲ್ಲ: ಹಿಮ್ಮಡಿ ಎತ್ತಿದರೆ ನಡುವೆಯೇ ಮಡಚುತ್ತದೆ. ಸಂಶೋಧಕರಾದ ಎಲ್ಫ್ಟ್‌ಮನ್ ಮತ್ತು ಮ್ಯಾಂಟರ್ 1935ರಲ್ಲೇ ಇದನ್ನು ದಾಖಲಿಸಿದ್ದರು. ಕೊಂಬೆ ತಬ್ಬಿ ಏರಲು ಅದೇ ಅನುಕೂಲ. ನೆಲವನ್ನು ಹಿಂದಕ್ಕೆ ಒದ್ದು ಮುಂದೆ ಸಾಗಲು ಮಾತ್ರ ಗಟ್ಟಿ ನಡುಪಾದ ಬೇಕು. ನಮಗೆ ಅದು ಬಂದದ್ದು ಯಾವಾಗ? ತಾಂಜಾನಿಯಾದ ಲೇಟೋಲಿಯಲ್ಲಿ ಪಳೆಯುಳಿಕೆ ತಜ್ಞೆ ಮೇರಿ ಲೀಕಿಯ ತಂಡಕ್ಕೆ 1978ರಲ್ಲಿ ಸಿಕ್ಕ, ಸುಮಾರು 36 ಲಕ್ಷ ವರ್ಷ ಹಳೆಯ ಆದಿಮಾನವರ ಹೆಜ್ಜೆಗುರುತುಗಳಲ್ಲಿ ಕಮಾನಿದೆಯೇ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಜ್ವಾಲಾಮುಖಿಯ ಬೂದಿಯಲ್ಲಿ ಮೂಡಿದ ಅಚ್ಚು ತಾನೇ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ.

ಮೂಳೆಯ ಸಾಕ್ಷಿ ಹೆಚ್ಚು ಖಚಿತ. ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ, 32 ಲಕ್ಷ ವರ್ಷ ಹಳೆಯ ನಾಲ್ಕನೇ ಮೆಟಾಟಾರ್ಸಲ್ ಒಂದರ ವಿವರವನ್ನು ಕ್ಯಾರಲ್ ವಾರ್ಡ್ ಮತ್ತಿತರರು 2011ರಲ್ಲಿ ಪ್ರಕಟಿಸಿದರು. ‘ಲೂಸಿ’ ಎಂಬ ಹೆಸರಾಂತ ಆದಿಮಾನವ ಪಳೆಯುಳಿಕೆಯ ಪ್ರಭೇದದ್ದೇ ಮೂಳೆ. ನಮ್ಮಲ್ಲಿ ಈ ಮೂಳೆಯ ಒಂದು ತುದಿ ಇನ್ನೊಂದಕ್ಕೆ ಹೋಲಿಸಿದರೆ ತಿರುಚಿಕೊಂಡಿರುತ್ತದೆ. ಕಮಾನುಗಳಿರುವ ಪಾದದ ಗುರುತು ಅದು. ಹಡಾರ್‌ನ ಮೂಳೆಯಲ್ಲೂ ಆ ತಿರುಚು ಇತ್ತು. ಆದರೆ ಅದೇ ಇಥಿಯೋಪಿಯಾದ ಬುರ್ತೆಲೆಯಲ್ಲಿ ಸಿಕ್ಕ 34 ಲಕ್ಷ ವರ್ಷ ಹಳೆಯ ಪಾದವೊಂದರ ಹೆಬ್ಬೆರಳು ಕೊಂಬೆ ಹಿಡಿಯುವಂತೆ ಪಕ್ಕಕ್ಕೆ ಚಾಚಿದೆ. ಅಂದರೆ ಎರಡು ಬಗೆಯ ಪಾದಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಅಲ್ಲಿ ಓಡಾಡಿದ್ದವು. 2020ರ ತಂಡದ ಲೆಕ್ಕದಲ್ಲಿ ನಮ್ಮಂಥ ಅಡ್ಡ ಕಮಾನು ಮೂಡಿ 35 ಲಕ್ಷ ವರ್ಷ ದಾಟಿರಬಹುದು, ನಾವು ಸೇರಿದ ಹೋಮೋ ಕುಲಕ್ಕಿಂತ ಸುಮಾರು 15 ಲಕ್ಷ ವರ್ಷ ಮೊದಲು.

ಅಷ್ಟು ಹಳೆಯ ವ್ಯವಸ್ಥೆಯೂ ಎಲ್ಲರ ಕಾಲಲ್ಲಿ ಒಂದೇ ಸಮ ಇಲ್ಲ. ಬಾಸ್ಟನ್‌ನ ವಿಜ್ಞಾನ ಮ್ಯೂಸಿಯಂಗೆ ಬಂದ 398 ಮಂದಿಯನ್ನು ಬರಿಗಾಲಲ್ಲಿ ನಡೆಸಿ ಜೆರೆಮಿ ಡಿಸಿಲ್ವ ಮತ್ತು ಸಿಮೋನ್ ಗಿಲ್ 2013ರಲ್ಲಿ ವರದಿ ಮಾಡಿದರು: ಸುಮಾರು ಹದಿಮೂರರಲ್ಲಿ ಒಬ್ಬರ ಪಾದ ನಡುವೆ ಮಡಚುತ್ತಿತ್ತು.