ಬಾರದ ಪೆಟ್ಟಿಗೆ, ಬರಬೇಕಾದ ಪರಿಹಾರ

ಶಂಷಾಬಾದಿನ ವಿಮಾನ ನಿಲ್ದಾಣದಿಂದ ಜಹೀರಾಬಾದಿಗಾಗಲಿ, ನಾರಾಯಣಖೇಡಕ್ಕಾಗಲಿ, ತಾಂಡೂರಿಗಾಗಲಿ ಇನ್ನೂ ಕೆಲವು ತಾಸುಗಳ ದಾರಿ. ಕೊಲ್ಲಿ ದೇಶದಿಂದ ರಾತ್ರಿಯ ವಿಮಾನದಲ್ಲಿ ಬಂದಿಳಿದವರಿಗೆ ಹೊರಗೆ ಗಾಡಿ ಕಾದಿರುತ್ತದೆ, ಮನೆಯವರು ಕಾದಿರುತ್ತಾರೆ. ಅಂತಹ ಹೊತ್ತಿನಲ್ಲಿ ತಮ್ಮ ಪೆಟ್ಟಿಗೆ ಬಾರದಿದ್ದರೆ, ಅಥವಾ ಒಡೆದು ಬಂದರೆ, ‘ನಾಳೆ ಫೋನ್ ಮಾಡಿ ಕೇಳಿದರಾಯಿತು’ ಎಂದು ಹೊರಟುಬಿಡುವುದು ಸಹಜ. ಪರಿಹಾರದ ಹಕ್ಕು ದುರ್ಬಲವಾಗುವುದು ಬಹುಮಟ್ಟಿಗೆ ಆ ಕ್ಷಣದಲ್ಲಿಯೇ.

ಸಾಮಾನು ಪಡೆಯುವ ಸಭಾಂಗಣದಲ್ಲಿಯೇ ವಿಮಾನ ಸಂಸ್ಥೆಯ ಕೌಂಟರ್ ಇರುತ್ತದೆ. ಅಲ್ಲಿ ‘ಪಿಐಆರ್’ ಎಂಬ ನಮೂನೆಯನ್ನು ಬರೆಸಿ, ಅದರ ಪ್ರತಿಯನ್ನೂ ಉಲ್ಲೇಖ ಸಂಖ್ಯೆಯನ್ನೂ ಪಡೆಯದೆ ಹೊರಗೆ ಕಾಲಿಡಬಾರದು. ನಮೂನೆ ಇಂಗ್ಲಿಷಿನಲ್ಲಿದೆಯೆಂದು ಸಂಕೋಚಪಡುವ ಕಾರಣವಿಲ್ಲ. ತುಂಬಿಕೊಡುವಂತೆ ಸಿಬ್ಬಂದಿಯನ್ನೇ ಕೇಳಬಹುದು. ಟಿಕೆಟ್, ಬೋರ್ಡಿಂಗ್ ಪಾಸ್ ಹಾಗೂ ಅದರ ಹಿಂದೆ ಅಂಟಿಸಿದ ಸಾಮಾನಿನ ಚೀಟಿ, ಈ ಮೂರೂ ಮುಂದೆ ಬೇಕಾಗುವ ದಾಖಲೆಗಳು. ಕಿರಾಣಿ ಅಂಗಡಿಯ ರಸೀದಿಯನ್ನು ಜೋಪಾನ ಮಾಡುವ ಮನೆಗಳಲ್ಲಿಯೂ ಆ ಚಿಕ್ಕ ಚೀಟಿ ಕಸದ ಬುಟ್ಟಿಗೆ ಸೇರುವುದು ವಿಚಿತ್ರವೇ ಸರಿ.

ಅನಂತರದ್ದು ಲಿಖಿತ ದೂರು. ಪಿಐಆರ್ ಒಂದೇ ಸಾಕೆಂದು ಭಾವಿಸದೆ, ಸಂಸ್ಥೆಗೆ ಇ-ಮೇಲ್ ಅಥವಾ ನೋಂದಾಯಿತ ಅಂಚೆಯಲ್ಲಿ ಬೇರೆಯಾಗಿ ಬರೆಯುವುದು ಕ್ಷೇಮ. ಪೆಟ್ಟಿಗೆ ಹಾನಿಗೊಂಡು ಬಂದಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಬಂದ ದಿನದಿಂದ 21 ದಿನಗಳೊಳಗೆ ದೂರು ತಲುಪಬೇಕು. ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬಾರದ ಸಾಮಾನನ್ನು ಕಳೆದುಹೋದದ್ದೆಂದೇ ಪರಿಗಣಿಸಿ ಪರಿಹಾರ ಕೇಳಬಹುದು. ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷಗಳ ಅವಧಿಯಿದೆ. ಆದರೆ ಆರಂಭದ 7 ಅಥವಾ 21 ದಿನಗಳನ್ನು ತಪ್ಪಿಸಿಕೊಂಡವರಿಗೆ, ಸಂಸ್ಥೆಯೇ ವಂಚಿಸಿದ್ದ ಸಂದರ್ಭದ ಹೊರತು, ಆ ಎರಡು ವರ್ಷಗಳು ಇದ್ದೂ ಇಲ್ಲದಂತೆ.

ಇದೆಲ್ಲ 1999ರ ಮಾಂಟ್ರಿಯಲ್ ಒಪ್ಪಂದದಿಂದ ಬಂದದ್ದು. ಭಾರತವು 2009ರಲ್ಲಿ ಅದನ್ನು ಒಪ್ಪಿ, 1972ರ ವಿಮಾನ ಸಾಗಣೆ ಕಾಯಿದೆಗೆ ಮೂರನೆಯ ಅನುಸೂಚಿಯಾಗಿ ಸೇರಿಸಿತು. ಸೌದಿ, ಯುಎಇ, ಕತಾರ್, ಕುವೈತ್‌ಗಳೂ ಒಪ್ಪಂದದಲ್ಲಿವೆ. 1929ರ ಹಳೆಯ ವಾರ್ಸಾ ವ್ಯವಸ್ಥೆಯಲ್ಲಿ ಪರಿಹಾರಕ್ಕೆ ಕಿಲೋ ಲೆಕ್ಕವಿತ್ತು. ರೇಷ್ಮೆ ಸೀರೆಗೂ ಸಾಬೂನಿಗೂ ಒಂದೇ ದರ. ಈಗ ತೂಕದ ಲೆಕ್ಕವಿಲ್ಲ, ಪ್ರಯಾಣಿಕರೊಬ್ಬರಿಗೆ ಇಷ್ಟು ಎಂಬ ಮೇಲ್ಮಿತಿಯಿದೆ. ಒಪ್ಪಂದದ ಪ್ರಕಾರ 2024ರ ಡಿಸೆಂಬರ್ 28ರಿಂದ ಅದು 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಐದು ಕರೆನ್ಸಿಗಳ ಆಧಾರದ ಮೇಲೆ ನಿಗದಿಪಡಿಸುವ ಲೆಕ್ಕದ ಮಾನ. ರೂಪಾಯಿಯಲ್ಲಿ ಈ ಮೊತ್ತ ಒಂದೂವರೆ ಲಕ್ಷವನ್ನು ಮೀರುತ್ತದೆ. ಭಾರತದ ಕಾಯಿದೆಯಲ್ಲಿ ಇಂತಹ ಪರಿಷ್ಕೃತ ಅಂಕಿಗಳನ್ನು ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆಯ ಮೂಲಕ ತರುವ ಏರ್ಪಾಡನ್ನು 2016ರ ತಿದ್ದುಪಡಿ ಮಾಡಿದೆ. ದೇಶದೊಳಗಿನ ಪ್ರಯಾಣಕ್ಕೆ, ಬೀದರ್ ಅಥವಾ ಕಲಬುರಗಿಯಿಂದ ಹತ್ತಿದರೂ ಹೈದರಾಬಾದಿನಿಂದ ಹತ್ತಿದರೂ, ಮಿತಿ 20,000 ರೂಪಾಯಿ ಮಾತ್ರ. ಇವು ಮೇಲ್ಮಿತಿಗಳೇ ಹೊರತು ತಾನಾಗಿ ಸಿಗುವ ಮೊತ್ತಗಳಲ್ಲ. ನಷ್ಟವನ್ನು ತೋರಿಸಬೇಕು: ಬಿಲ್ಲು, ಪೆಟ್ಟಿಗೆ ಮುಚ್ಚುವ ಮುನ್ನ ತೆಗೆದ ಫೋಟೋ, ತಡವಾದ ದಿನಗಳಲ್ಲಿ ಕೊಂಡ ಬಟ್ಟೆ ಔಷಧಿಗಳ ರಸೀದಿ. ಹೆಚ್ಚು ಬೆಲೆಯ ವಸ್ತುವಿದ್ದರೆ ಸಾಮಾನು ಒಪ್ಪಿಸುವಾಗಲೇ ಮೌಲ್ಯ ಘೋಷಿಸಿ, ಹೆಚ್ಚುವರಿ ಶುಲ್ಕ ಕಟ್ಟಿ ಮಿತಿಯನ್ನು ಏರಿಸಿಕೊಳ್ಳಲು ಅವಕಾಶವಿದೆ. ಬಂಗಾರ, ನಗದು, ಮಕ್ಕಳ ಅಂಕಪಟ್ಟಿಗಳಂತೂ ಕೈಚೀಲದಲ್ಲಿಯೇ ಇರಬೇಕು.

ಕುಟುಂಬವಾಗಿ ಹೋಗುವವರು ತಿಳಿದಿರಬೇಕಾದ ತೀರ್ಪೊಂದಿದೆ. ಬಾರ್ಸಿಲೋನಾದಿಂದ ಪ್ಯಾರಿಸ್ಸಿಗೆ ಹೊರಟ ನಾಲ್ವರ ಕುಟುಂಬವೊಂದರ ಎರಡು ಪೆಟ್ಟಿಗೆಗಳು ಕಳೆದುಹೋದವು. ಪರಿಹಾರ ಎರಡು ಪೆಟ್ಟಿಗೆಗೋ ನಾಲ್ವರಿಗೋ? 2012ರಲ್ಲಿ ಯುರೋಪಿನ ನ್ಯಾಯಾಲಯವು, ಒಬ್ಬರ ಹೆಸರಿನ ಪೆಟ್ಟಿಗೆಯಲ್ಲಿ ಅದೇ ವಿಮಾನದ ಇನ್ನೊಬ್ಬ ಪ್ರಯಾಣಿಕರ ವಸ್ತುಗಳಿದ್ದುದು ಸಾಬೀತಾದರೆ ಅವರೂ ತಮ್ಮ ಪಾಲನ್ನು ಪ್ರತ್ಯೇಕವಾಗಿ ಕೇಳಬಹುದೆಂದು ಹೇಳಿತು. ಭಾರತದ ನ್ಯಾಯಾಲಯಗಳಿಗೆ ಇದು ಬದ್ಧವಲ್ಲ. ಒಪ್ಪಂದ ಒಂದೇ ಆದುದರಿಂದ ವಾದಕ್ಕೆ ಬಲ ಕೊಡುತ್ತದೆ.

ಟಿಕೆಟ್ಟಿನ ಸಣ್ಣ ಅಕ್ಷರಗಳಿಗೆ ಅಂಜಬೇಕಾಗಿಲ್ಲ. ಹೊಣೆಯಿಂದ ತಪ್ಪಿಸಿಕೊಳ್ಳುವ ಅಥವಾ ಕಾನೂನಿನ ಮಿತಿಗಿಂತ ಕಡಿಮೆ ಮೊತ್ತ ನಿಗದಿ ಮಾಡುವ ಷರತ್ತು ಅಸಿಂಧುವೆಂದು ಒಪ್ಪಂದವೇ ಹೇಳುತ್ತದೆ. ಆದರೆ ಪೆಟ್ಟಿಗೆಯ ಸ್ವಂತ ದೋಷದಿಂದಾದ ಹಾನಿಗೆ ಸಂಸ್ಥೆ ಹೊಣೆಯಲ್ಲ. ಸಡಿಲವಾಗಿ ಕಟ್ಟಿದ ಡಬ್ಬಿಯಿಂದ ಉಪ್ಪಿನಕಾಯಿಯ ಎಣ್ಣೆ ಸೋರಿ, ಪಕ್ಕದ ತಾಂಡೂರು ತೊಗರಿಬೇಳೆ ಕೆಟ್ಟರೆ ದೂರುವಂತಿಲ್ಲ.

‘ವ್ಯಾಜ್ಯಗಳು ದೆಹಲಿಯ ನ್ಯಾಯಾಲಯಗಳಿಗೆ ಮಾತ್ರ’ ಎಂಬ ಷರತ್ತೂ ಹಲವರನ್ನು ಹಿಂದೆ ಸರಿಸುತ್ತದೆ. ಇದರ ಪರೀಕ್ಷೆ ನಡೆದದ್ದು ಹೈದರಾಬಾದಿನ ಪ್ರಯಾಣಿಕರೊಬ್ಬರ ಪ್ರಕರಣದಲ್ಲಿ. 2007ರ ಡಿಸೆಂಬರಿನಲ್ಲಿ ಮಂಜಿನಿಂದಾಗಿ ದೆಹಲಿಯಲ್ಲಿ ಇಂಡಿಗೋ ವಿಮಾನ ತಡವಾಗಿ, ಅವರು ಹೈದರಾಬಾದಿನ ಖಾಯಂ ಲೋಕ ಅದಾಲತ್ತಿಗೆ ದೂರಿತ್ತರು. ಸುಪ್ರೀಂ ಕೋರ್ಟು 2011ರಲ್ಲಿ ಪರಿಹಾರದ ಆದೇಶವನ್ನು ರದ್ದುಗೊಳಿಸಿತು. ಮಂಜಿಗೆ ಸಂಸ್ಥೆ ಕಾರಣವಲ್ಲ ಎಂಬುದು ಅದರ ನಿಲುವು. ಆದರೆ ಹೈದರಾಬಾದಿನ ಅದಾಲತ್ತಿಗೆ ವಿಚಾರಣೆಯ ಅಧಿಕಾರವಿತ್ತೆಂದೂ, ದೆಹಲಿಯ ಷರತ್ತು ಅದನ್ನು ತಡೆಯದೆಂದೂ ಸ್ಪಷ್ಟಪಡಿಸಿತು. ಸೋತವರು ಉಳಿದವರಿಗಾಗಿ ಗೆದ್ದುಕೊಟ್ಟ ಅಂಶವಿದು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆನ್ನುತ್ತದೆ. ಜಹೀರಾಬಾದ್, ನಾರಾಯಣಖೇಡದವರಿಗೆ ಅದು ಸಂಗಾರೆಡ್ಡಿಯ ಜಿಲ್ಲಾ ಗ್ರಾಹಕ ಆಯೋಗ; ತಾಂಡೂರಿನವರು ವಿಕಾರಾಬಾದ್ ಜಿಲ್ಲೆಯ ವ್ಯಾಪ್ತಿಗೆ ಬರುತ್ತಾರೆ. ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಬಯಸುತ್ತದೆ. ವಾಸ್ತವದಲ್ಲಿ ತಾಳ್ಮೆ ಬೇಕು. ಮೊದಲು ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಾಗಲಿ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಾಗಲಿ ದೂರು ದಾಖಲಿಸಿದರೆ ಎಷ್ಟೋ ವೇಳೆ ವಿಷಯ ಅಲ್ಲಿಯೇ ಮುಗಿಯುತ್ತದೆ. ಕನ್ನಡದಲ್ಲಿ ಬರೆದಿಟ್ಟ ವಿವರವಿದ್ದರೆ, ಅದರ ತೆಲುಗು ಇಲ್ಲವೇ ಇಂಗ್ಲಿಷ್ ಪ್ರತಿಯನ್ನು ದೂರಿನೊಡನೆ ಸಲ್ಲಿಸಬೇಕು. ಮನೆಯ ಹತ್ತನೆಯ ತರಗತಿಯ ಮಗ ಅಥವಾ ಮಗಳು ಒಂದು ಸಂಜೆಯಲ್ಲಿ ಅದನ್ನು ಸಿದ್ಧಪಡಿಸಬಲ್ಲರು: ವಿಮಾನದ ಸಂಖ್ಯೆ, ದಿನಾಂಕ, ಚೀಟಿಯ ಸಂಖ್ಯೆ, ಪೆಟ್ಟಿಗೆಯಲ್ಲಿದ್ದ ವಸ್ತುಗಳ ಪಟ್ಟಿ, ಪ್ರತಿಯೊಂದರ ಬೆಲೆ, ಕೇಳುತ್ತಿರುವ ಮೊತ್ತ.